ನಿಂತ ಕಾರಿನ ಬ್ಯಾಟರಿ ಇಳಿದದ್ದು

ದಿಗ್ಗೇವಾಡಿಯ ನನ್ನ ಸೋದರಮಾವನಿಗೆ ಲಕ್ವಾ ಹೊಡೆದಾಗ ಆ ಕಡೆ ಮನೆಮನೆಗೆ ಮೊಬೈಲು ಬಂದಿದ್ದ ಹೊಸತು. ಮಾತು ನಿಧಾನವಾಗಿ ಮರಳಿತು, ಬಲಗೈ ಮರಳಲಿಲ್ಲ. ಅವರ ತಂದೆಯ ಕಾಲದ ಕರಿ ಕಾರು ದನದ ಕೊಟ್ಟಿಗೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ನಿಂತುಬಿಟ್ಟಿತು. ಮಾಮಾ ದಿನಾ ಸಂಜೆ ಹೋಗಿ ಎಡಗೈಯಿಂದ ಧೂಳು ಒರೆಸಿ, ಒಳಗೆ ಸ್ವಲ್ಪ ಹೊತ್ತು ಕೂತು ಬರುತ್ತಿದ್ದರು.

ಚಿಕ್ಕೋಡಿಯಲ್ಲಿ ಶಿಕ್ಷಕಿಯಾಗಿದ್ದ ನಾನು ರವಿವಾರ ಹೋದಾಗ ಕಾರು ಚಾಲೂ ಮಾಡಿ ನೋಡುತ್ತಿದ್ದೆ. ಪ್ರತಿ ಸಲವೂ ಬ್ಯಾಟರಿ ಇಳಿದಿರುತ್ತಿತ್ತು. ಹೊಸದು ಹಾಕಿಸಿದರೂ ಅದೇ ಹಣೆಬರಹ.

"ಒಳಗ ಕುಂತಾಗ ಲೈಟ್ ಹಚ್ಚಿ ಆರಸೂದು ಮರೀತಾರ. ಜಡ್ಡಾದ ಮ್ಯಾಲೆ ತಲಿನೂ ಸ್ವಲ್ಪ..." ಎಂದು ಮಾಮಿ ನನ್ನೊಡನೆ ಪಿಸುಗುಟ್ಟಿದ್ದು ಮಾಮಾನ ಕಿವಿಗೆ ಬಿತ್ತು. ಅಂದಿನಿಂದ ಅವರು ಗೆಳೆಯರ ಕಟ್ಟೆಗೆ ಹೋಗುವುದನ್ನೇ ಬಿಟ್ಟರು.

ಮುಂದಿನ ವಾರ ನನ್ನನ್ನು ಶೆಡ್ಡಿಗೆ ಕರೆದು ಕೇಳಿದರು: "ಖರೇ ಹೇಳಬೇ, ನನಗ ಮರವು ಬರಾಕತ್ತೈತೇನು?"

ಆಸ್ಪತ್ರೆಯ ಹಾಸಿಗೆಯಲ್ಲೂ ಅವರ ಮುಖದಲ್ಲಿ ಅಂಥ ಅಂಜಿಕೆ ನೋಡಿರಲಿಲ್ಲ.

"ಇಲ್ಲ ಮಾಮಾ, ಕರೆಂಟ್ ಎಲ್ಲೋ ಸೋರಾಕತ್ತಿರಬೇಕು. ಹುಡುಕೂಣು ಬರ್ರಿ."

ಬ್ಯಾಟರಿ ಚಾರ್ಜ್ ಮಾಡಿಸಿ ತಂದೆವು. ಅವರು ಹೇಳಿದಂತೆ ಬ್ಯಾಟರಿಯ ಒಂದು ತಂತಿ ಬಿಚ್ಚಿ, ಆ ತಂತಿಗೂ ಬ್ಯಾಟರಿಗೂ ನಡುವೆ ಸಣ್ಣ ಬಲ್ಬು ಕಟ್ಟಿದೆ. ಕಾರಿನ ಕೀಲಿ ಹೊರಗೆ ತೆಗೆದಿತ್ತು, ದೀಪಗಳೆಲ್ಲ ಆರಿದ್ದವು. ಆದರೂ ಬಲ್ಬು ಮಂದವಾಗಿ ಉರಿಯಿತು!

"ಎಲ್ಲೋ ಹರಿಯಾಕತ್ತೈತಿ. ಫ್ಯೂಜ್ ಒಂದೊಂದ ಕೀಳು."

ಮೊದಲನೆಯದು ಕಿತ್ತರೆ ಏನೂ ಆಗಲಿಲ್ಲ. ಎರಡನೆಯದಕ್ಕೆ ಬಲ್ಬು ಆರಿತು. ಆ ಫ್ಯೂಜಿನ ಮೇಲಿದ್ದದ್ದು ಹಾರ್ನು, ಚಾವಣಿಯ ದೀಪ, ಡಿಕ್ಕಿಯ ದೀಪ. ಮಾಮಾ ಕಣ್ಣು ಮುಚ್ಚಿ ಯೋಚಿಸಿದರು. ಆಮೇಲೆ ಎಲ್ಲ ಮೊದಲಿನಂತೆ ಜೋಡಿಸಲು ಹೇಳಿ, ಹತ್ತು ನಿಮಿಷ ಬಿಟ್ಟು, ಚಹಾ ತಂದ ಮಾಮಿಯನ್ನು ಕರೆದರು.

"ಡಿಕ್ಕಿ ತಗದ ಕೂಡಲೇ ಒಳಗಿನ ದೀಪ ಮುಟ್ಟಿ ನೋಡು."

ಡಿಕ್ಕಿ ತೆರೆದಾಗ ದೀಪ ಹತ್ತುವುದು ಸಹಜವೇ. ಹಾಗಾಗಿ ಯಾರಿಗೂ ಸಂಶಯ ಬಂದಿರಲಿಲ್ಲ. ಮಾಮಿ ಬೆರಳಿಟ್ಟವರೇ ಕೈ ಝಾಡಿಸಿದರು. "ಅಯ್ಯ! ಸುಡಾಕತ್ತೈತ್ರಿ!"

ಈಗ ಹತ್ತಿದ ದೀಪ ಅಷ್ಟರಲ್ಲೇ ಹೇಗೆ ಕಾದೀತು? ಮುಚ್ಚಳ ಬಿದ್ದಾಗ ಒತ್ತಿಕೊಂಡು ದೀಪ ಆರಿಸಬೇಕಾದ ಗುಂಡಿ ಸವೆದಿತ್ತು. ದೀಪ ಕತ್ತಲೆಯಲ್ಲಿ ಒಳಗೊಳಗೇ ಉರಿಯುತ್ತ ಬ್ಯಾಟರಿಯನ್ನು ಕುಡಿಯುತ್ತಿತ್ತು.

"ಅಂದ್ರ ನಾ ಮರ್ತಿದ್ದಿಲ್ಲ," ಎಂದು ಮಾಮಾ ಮೆಲ್ಲಗೆ ಅಂದರು. ಕಣ್ಣು ತುಂಬಿಬಂದಿತ್ತು.

ಮಾಮಿ ಅವರ ಸೋತ ಕೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡರು. "ಮರ್ತಾಕಿ ನಾನ್ರಿ. ನೀವು ಎಂಥವರಂತ."

ಆ ದೀಪ ತೆಗೆದುಹಾಕಿದೆವು. ಮುಂದಿನ ರವಿವಾರ ಕಾರು ಒಂದೇ ತಿರುವಿಗೆ ಚಾಲೂ ಆಯಿತು. ಅದನ್ನು ನೋಡಲು ಮಾಮಾ ಮನೆಯಲ್ಲಿರಲಿಲ್ಲ. ಕಟ್ಟೆಯ ಮೇಲೆ ಕೂತು, ನದಿಗೆ ಯಾವಾಗ ನೀರು ಬಿಡುತ್ತಾರೆಂದು ಗೆಳೆಯರೊಂದಿಗೆ ಜೋರಾಗಿ ವಾದಿಸುತ್ತಿದ್ದರು.