ಔಟಾದರೂ ಹೋಗದ ಕ್ಯಾಪ್ಟನ್

ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನ ಕ್ರೀಡಾಕೂಟಕ್ಕೆ ಗೆರೆ ಎಳೆಯುತ್ತಿದ್ದರು. ಸುಣ್ಣದ ಪುಡಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಜಿಗಣಿ ಕಡೆಯ ನಮ್ಮ ಹೈಸ್ಕೂಲಿನ ಕಬಡ್ಡಿ ತಂಡ ನೆನಪಾಯಿತು.

ಶಾಲೆಗೆ ಮೈದಾನವಿರಲಿಲ್ಲ. ಪಟೇಲರ ರಾಗಿ ಕಣದಲ್ಲಿ, ಸಗಣಿ ಸಾರಿಸಿದ ನೆಲದ ಮೇಲೆ ಆಡುತ್ತಿದ್ದೆವು. ಕಣ ಕೊಟ್ಟವರ ಮಗ ನಂಜುಂಡನೇ ಕ್ಯಾಪ್ಟನ್. ಅವನನ್ನು ಎಷ್ಟು ಸಲ ಕೆಡವಿ ಹಿಡಿದರೂ ಪಿ.ಟಿ. ಮೇಷ್ಟ್ರು ಮೀಸೆ ಸವರಿಕೊಂಡು, "ಇರ್ಲಿ ಬಿಡ್ರೋ, ಇನ್ನೊಂದ್ಸಲ ಆಡ್ಲಿ" ಎನ್ನುತ್ತಿದ್ದರು. ಸಂಜೆ ಪಟೇಲರ ಮನೆಯಿಂದ ಅವರಿಗೆ ಚೀಲದ ತುಂಬ ಅವರೆಕಾಯಿ ಹೋಗುತ್ತಿತ್ತು.

ಆನೇಕಲ್ಲಿನ ತಾಲ್ಲೂಕು ಪಂದ್ಯಕ್ಕೆ ಬೇರೆ ಊರಿನ ರೆಫ್ರಿ ಬಂದಿದ್ದರು. ಮೊದಲ ರೈಡಿನಲ್ಲೇ ನಂಜುಂಡ ಸಿಕ್ಕಿಬಿದ್ದ. ರೆಫ್ರಿ ಸೀಟಿ ಊದಿದರು. ಇವನು ಧೂಳು ಕೊಡವಿಕೊಂಡು ಅಲ್ಲೇ ನಿಂತ.

"ಔಟು, ಆಚೆ ಹೋಗಪ್ಪ."

"ನಾನ್ಯಾಕ್ ಓಗ್ಲಿ ಸಾರ್? ನಾನು ಕ್ಯಾಪ್ಟನ್ನು!"

ಔಟಾದವರು ಹೊರಗೆ ಹೋಗಬೇಕೆಂಬುದು ಆ ಪುಣ್ಯಾತ್ಮನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಕೊನೆಗೆ ನಮ್ಮ ಇಡೀ ತಂಡವನ್ನೇ ಹೊರಗೆ ಹಾಕಿದರು. ಬಸ್‌ಸ್ಟ್ಯಾಂಡಿನಲ್ಲಿ ಮೇಷ್ಟ್ರು ಅವನಿಗೆ ಗೋಲಿ ಸೋಡಾ ಕುಡಿಸಿ, ನಮಗೆ ಬೈದರು: "ಸೋಲೋಕೂ ಯೋಗ್ಯತೆ ಬೇಕು ಕಣ್ರೋ!"

ಮೊನ್ನೆಯ ಮುಖ್ಯ ಅತಿಥಿ ಅದೇ ನಂಜುಂಡ. ನಮ್ಮ ಅಪಾರ್ಟ್‌ಮೆಂಟ್ ನಿಂತಿರುವುದೂ ಅದೇ ಕಣದ ಮೇಲೆ. "ಸೋಲನ್ನ ಒಪ್ಕೊಳ್ಳೋದನ್ನ ನಂಗೆ ಕಬಡ್ಡಿ ಕಲಿಸ್ತು" ಎಂದು ಮೈಕಿನಲ್ಲಿ ಒದರುತ್ತಲೇ ಇದ್ದ. ಬಿಸಿಲಲ್ಲಿ ಮಕ್ಕಳು ಬಾಡುತ್ತಿದ್ದವು. ಸಂಘದ ಕಾರ್ಯದರ್ಶಿ ಹತ್ತಿರ ಹೋಗಿ, "ಟೈಮಾಯ್ತು ಸಾರ್" ಎಂದರು.

ನಂಜುಂಡ ಕಾರ್ಯದರ್ಶಿಯ ಕಡೆ ತಿರುಗಿಯೂ ನೋಡದೆ ಮೈಕನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ.