ಪಾರ್ಟಿಷನ್ ಬಂದ ಬೇಸಿಗೆ

ಆಗೆಲ್ಲ ಇಟ್ಟಮಡುವಿನ ಹಳೇ ಬೀದಿಯಲ್ಲಿ ಯಾರಾದರೂ ಮನೆ ರಿಪೇರಿಗೆ ಕೈ ಹಾಕಿದರೆ ಅಕ್ಕಪಕ್ಕದವರು ಖರ್ಚೆಷ್ಟು ಅಂತ ಕೇಳುತ್ತಿರಲಿಲ್ಲ. ಅಣ್ಣತಮ್ಮಂದಿರು ಚೆನ್ನಾಗಿದ್ದಾರಾ ಅಂತ ಕೇಳುತ್ತಿದ್ದರು. ಹೊಲಗಳೆಲ್ಲ ಸೈಟಾಗಿ, ಸೈಟುಗಳ ಮೇಲೆ ಬಿಲ್ಡಿಂಗ್ ಎದ್ದು, ಬಾಡಿಗೆಯಲ್ಲಿ ಬದುಕುವ ಕಾಲ ಬಂದಿತ್ತು. ನಮ್ಮ ಬೀದಿಯ ಮಕ್ಕಳಿಗೆ ಎ ಫಾರ್ ಆ್ಯಪಲ್ ಜೊತೆಗೇ ಖಾತೆ, ಸ್ಟೇ, ಪಾರ್ಟಿಷನ್ ಅನ್ನುವ ಮಾತುಗಳೂ ಬಾಯಿಗೆ ಬರುತ್ತಿದ್ದವು. ಪಾರ್ಟಿಷನ್ ಅಂದರೆ ಭಾಗ. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡು ಮಧ್ಯೆ ಗೋಡೆ ಎಬ್ಬಿಸುವುದು. ಆ ಪದಕ್ಕೆ ಇನ್ನೊಂದು ಅರ್ಥ ಇದೆ ಅಂತ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನಮ್ಮದು ಊರೊಳಗಿನ ಮನೆ. ಮುಂದೆ ಜಗಲಿ, ಒಳಗೆ ಕಲ್ಲುಕಂಬದ ಪಡಸಾಲೆ, ಅದರಾಚೆ ಹಗಲಲ್ಲೂ ಲೈಟು ಹಾಕಬೇಕಾದ ನಡುಮನೆ, ತಗ್ಗು ಬಾಗಿಲ ಅಡಿಗೆಮನೆ, ಹಿತ್ತಲು. ತಾತ ಆಗಲೇ ತೀರಿಕೊಂಡಿದ್ದ. ಅಜ್ಜಿ, ಅಪ್ಪ, ಅಮ್ಮ, ಚಿಕ್ಕಪ್ಪ, ಚಿಕ್ಕಮ್ಮ, ಅವರ ಮಗಳು ರಮ್ಯ ಮತ್ತು ನಾನು ಆ ಮನೆಯಲ್ಲಿದ್ದೆವು. ಅಪ್ಪ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ, ಚಿಕ್ಕಪ್ಪ ಬಾಡಿಗೆ ಮನೆಗಳನ್ನು ನೋಡಿಕೊಳ್ಳುತ್ತಿದ್ದ. ಎಷ್ಟೇ ಜನ ಇದ್ದರೂ ಒಲೆ ಒಂದೇ.

ಅಜ್ಜಿಗೆ ಯಾರ ಮೇಲೂ ನಂಬಿಕೆಯಿರಲಿಲ್ಲ. ಹಾಲಿಗೆ ಬೆರಳದ್ದಿ ನೋಡದೆ ಪಾತ್ರೆ ಒಳಗೆ ತರುತ್ತಿರಲಿಲ್ಲ. ಟೀವಿಯಲ್ಲಿ ಮಳೆ ಇಲ್ಲ ಅಂದ ದಿನವೇ ಬಿಸಿಲಿಗೆ ಹಾಕಿದ್ದ ಸಂಡಿಗೆ ಎತ್ತಿಬಿಡುತ್ತಿದ್ದಳು. ಯಾರಾದರೂ ನಗುನಗುತ್ತಾ ಮಾತಾಡಿಸಿದರೆ ಅವರು ಬೀದಿ ತಿರುಗುವವರೆಗೆ ಕಾದು, "ಇವ್ನಿಗೆ ಏನೋ ಬೇಕಾಗೈತೆ" ಅನ್ನುತ್ತಿದ್ದಳು. ಈ ಗುಣ ನನಗೂ ಬಂದಿದೆ. ಹೆಣ್ಣುಮಕ್ಕಳಿಗೂ ಆಸ್ತಿಯಲ್ಲಿ ಪಾಲಿದೆ ಅನ್ನುತ್ತಾರಲ್ಲ, ಅಜ್ಜಿ ಕಡೆಯಿಂದ ನನಗೆ ಸಂದ ಪಾಲು ಇದೇ ಇರಬೇಕು.

ಚಿಕ್ಕಮ್ಮನ ತಮ್ಮ ಪದ್ಮನಾಭನಗರದಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದಿದ್ದ. ಎಲ್ಲ ಅಲ್ಲಿಂದಲೇ ಶುರುವಾಯಿತು. ಅಲ್ಲಿಯ ಅಡಿಗೆಮನೆಯಲ್ಲಿ ಡ್ರಾಯರ್ ಎಳೆದರೆ ಸದ್ದೇ ಬರುತ್ತಿರಲಿಲ್ಲ. ಅಮ್ಮ ಮತ್ತು ಚಿಕ್ಕಮ್ಮ ಅದನ್ನು ಎಳೆದು, ಮುಚ್ಚಿ, ಮತ್ತೆ ಎಳೆದು ನೋಡಿದರು. ಮನೆಗೆ ಬಂದು ಅಡಿಗೆಮನೆಗೆ ನುಗ್ಗುವಾಗ ಅಮ್ಮನ ಹಣೆ ಎಂದಿನಂತೆ ಬಾಗಿಲಿಗೆ ಬಡಿಯಿತು. "ಈ ಬೇಸಿಗೇಲಿ ಏನಾದ್ರೂ ಮಾಡ್ಲೇಬೇಕು" ಅಂತ ಅವಳು ಅಂದದ್ದೇ ತಡ, ಚಿಕ್ಕಮ್ಮ "ಹೌದಕ್ಕ" ಅಂದಳು. ಆ ಇಬ್ಬರೂ ಒಂದೇ ಉಸಿರಿಗೆ ಒಪ್ಪಿದ ಕೊನೆಯ ವಿಷಯ ಅದು.

ಇಂಟೀರಿಯರ್ ಮಾಡುವ ನವೀನ್ ಅಂತ ಒಬ್ಬ ಲ್ಯಾಪ್‌ಟಾಪ್ ಹಿಡಿದು ಬಂದ. ಕಂಬಗಳನ್ನು ಹಾಗೇ ಉಳಿಸಿ, ಪಡಸಾಲೆಗೂ ನಡುಮನೆಗೂ ನಡುವಿನ ಮಣ್ಣಿನ ಗೋಡೆ ತೆಗೆದು ದೊಡ್ಡ ಹಾಲ್ ಮಾಡುವುದು, ಹಿಂದೆ ಮಾಡ್ಯುಲರ್ ಕಿಚನ್, ಮೇಲೆ ಬಿಸಿಲು ಬೀಳಲು ಗಾಜು. ಪರದೆಯ ಮೇಲೆ ನಮ್ಮ ಮನೆಯ ಚಿತ್ರ ತೋರಿಸಿದ. ಬಿಳಿ ಸೋಫಾ, ಮೇಜಿನ ಮೇಲೆ ಬಟ್ಟಲ ತುಂಬ ಹಸಿರು ಸೇಬು. ಅಜ್ಜಿ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು.

"ಚೆನ್ನಾಗೈತೆ ಕಣಪ್ಪ. ಈ ಮನೇಲಿ ಯಾರಿರೋದು?"

"ನೀವೇ ಅಜ್ಜಿ!"

"ನಾನೆಲ್ಲೂ ಕಾಣಲ್ವಲ್ಲ" ಅಂತ ಹೇಳಿ ಅಜ್ಜಿ ಎದ್ದು ಹೋದಳು.

ಆದರೂ ಗೋಡೆ ಬಿದ್ದ ದಿನ ಅವಳಿಗೂ ಖುಷಿಯಾಗಿದ್ದು ನಿಜ. ಜಗಲಿಯ ಬೆಳಕು ಮೊದಲ ಸಲ ನಡುಮನೆಯ ಒಳಗೆ ಬಂದು ಬಿತ್ತು. ಗೋಡೆಯ ಮಣ್ಣಿನಿಂದ ಹಳೇ ಹುಲ್ಲಿನ, ಸಗಣಿಯ ವಾಸನೆ ಬರುತ್ತಿತ್ತು. ಅಡಿಗೆ ಹಿತ್ತಲಿಗೆ ಹೋಯಿತು. ಮೂರು ಕಲ್ಲಿನ ಒಲೆಯ ಮೇಲೆ ಬೇಯಿಸಿದ ಮುದ್ದೆ, ಬಸ್ಸಾರು, ತಟ್ಟೆ ಹಿಡಿದು ಮರಳುಗುಡ್ಡೆಯ ಮೇಲೆ ಕೂತು ತಿನ್ನುವ ನಾನು ಮತ್ತು ರಮ್ಯ. ಟೈಲ್ಸ್ ಚೂರೇ ನಮಗೆ ಕುಂಟೆಬಿಲ್ಲೆಯ ಬಿಲ್ಲೆ. ನವೀನ್ ನೆಲದ ಮೇಲೆ ಚಾಕ್‌ಪೀಸಿನಿಂದ ಗೆರೆ ಎಳೆದು ಹೋದರೆ ನಾವು ಅದರ ಮೇಲೇ ಕುಂಟುತ್ತಿದ್ದೆವು. ಆ ರಜದಷ್ಟು ಸುಖವಾದ ರಜ ನನಗೆ ಮತ್ತೆ ಬರಲಿಲ್ಲ.

ಒಂದು ಮಧ್ಯಾಹ್ನ ಅಜ್ಜಿ ಕಂಬದ ಹಿಂದೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನಾನು ಅವಳ ಪಕ್ಕ ಕೂತು ಬೀಜ ಎಣಿಸುವ ನೆಪದಲ್ಲಿ ಹುಣಸೆ ತಿನ್ನುತ್ತಿದ್ದೆ. ಆಚೆ ಕಡೆ ಅಪ್ಪ ಮತ್ತು ನವೀನ್ ನಿಂತಿದ್ದರು. ನಾವಿರುವುದು ಅವರಿಗೆ ಕಾಣುತ್ತಿರಲಿಲ್ಲ.

"ಸಾರ್, ಇಲ್ಲಿ ಪಾರ್ಟಿಷನ್ ಮಾಡಿಬಿಡೋದೇ ಒಳ್ಳೇದು" ಅಂದ ನವೀನ್. "ಆಗ ಎರಡೂ ಕಡೆಗೆ ನೀಟಾಗಿರುತ್ತೆ. ನಿಮ್ಮ ಬ್ರದರ್‌ಗೂ ಒಂದ್ಮಾತು ಹೇಳಿಬಿಡಿ."

"ಅವನಿಗೂ ಬೇಡ, ಅಮ್ಮಂಗೂ ಬೇಡ" ಅಂದ ಅಪ್ಪ. "ಈಗ ಹೇಳಿದ್ರೆ ನೂರೆಂಟು ತಕರಾರು. ಎಲ್ಲಾ ಆದ್ಮೇಲೆ ನೋಡ್ಲಿ."

ಅಜ್ಜಿಯ ಕೈ ನಿಂತುಹೋಯಿತು. ಪಾರ್ಟಿಷನ್ ಅಂದರೆ ಏನು ಅಂತ ನಮ್ಮ ಬೀದಿಯಲ್ಲಿ ಯಾರಿಗೆ ಗೊತ್ತಿಲ್ಲ?

ಅವತ್ತು ಸಂಜೆ ಅವಳು ನನ್ನನ್ನು ಹಿತ್ತಲಿಗೆ ಕರೆದಳು. "ನಮ್ಮವ್ವನ್ನ ನನ್ನ ತಮ್ಮಂದಿರು ಭಾಗ ಮಾಡ್ಕಂಡ್ರು ಕಣೆ, ಮನೆ ಜೊತೇಲೇ. ಒಂದು ತಿಂಗಳು ಇವ್ನ ಮನೆ, ಒಂದು ತಿಂಗಳು ಅವ್ನ ಮನೆ. ಮನೆ ಬದಲಾಯಿಸೋವಾಗ ತನ್ನ ತಟ್ಟೆ, ಲೋಟ ಚೀಲಕ್ಕೆ ಹಾಕ್ಕಂಡು ಹೋಗೋಳು. ಆ ಮನೇಲಿ ತಟ್ಟೆ ಇರ್ತಿರ್ಲಿಲ್ವಾ? ಇರ್ತಿತ್ತು. ನಂಬಿಕೆ ಇರ್ಲಿಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡಳು. "ನಾನು ಹಂಗೆ ಚೀಲ ಹಿಡ್ಕಂಡು ಅಲೆಯೋಳಲ್ಲ."

ಅಲ್ಲಿಂದ ಅಜ್ಜಿಯ ಕಾವಲು ಶುರುವಾಯಿತು. ಕಣ್ಣಿಗೆ ಬಿದ್ದದ್ದೆಲ್ಲ ಸಾಕ್ಷಿಯಾಗುತ್ತಾ ಹೋಯಿತು. ನೆಲದ ಮೇಲಿನ ಚಾಕ್‌ಪೀಸ್ ಗೆರೆ ನಮಗೆ ಕುಂಟೆಬಿಲ್ಲೆ, ಅವಳಿಗೆ ಗೋಡೆಯ ಪಾಯ. ಅಡಿಗೆಮನೆಗೆ ಎರಡು ಸಿಂಕ್ ಬಂದಾಗ "ನೋಡ್ದಾ?" ಅನ್ನುವಂತೆ ನನ್ನ ಕಡೆ ತಿರುಗಿದಳು. ಅಷ್ಟರಲ್ಲಿ ಅಟ್ಟದ ಮೇಲಿದ್ದ ತಾತನ ಎತ್ತಿನಗಾಡಿಯ ಮರ, ಚಕ್ರ ಎಲ್ಲ ಮಾಯವಾಯಿತು. ತಾತ ಹೋದ ಮೇಲೂ ಅಜ್ಜಿ ಯುಗಾದಿಗೆ ಆ ಚಕ್ರಕ್ಕೆ ಕುಂಕುಮ ಇಡುತ್ತಿದ್ದಳು. ಅಪ್ಪನನ್ನು ಕೇಳಿದರೆ "ಎಲ್ಲಿಗೂ ಹೋಗಿಲ್ಲ ಬಿಡಮ್ಮ, ಇದೆ" ಅಂತ ನಕ್ಕ. ಅಜ್ಜಿಗೆ ಅಪ್ಪನ ಆ ನಗುವೇ ಸಾಕಾಯಿತು.

ಕೊನೆಗೆ ಅವಳು ಚಿಕ್ಕಮ್ಮನ ಬಾಯಿ ಬಿಡಿಸಲು ಹೊರಟಳು. "ನಿನ್ನ ಗಂಡಂಗೆ ಅವರಣ್ಣ ಏನಾದ್ರೂ ಹೇಳಿದ್ನಾ?"

"ಏನ್ ವಿಷ್ಯ ಅತ್ತೆ?"

"ಏನೂ ಇಲ್ಲ ಬಿಡು."

ಈ "ಏನೂ ಇಲ್ಲ ಬಿಡು" ಎಷ್ಟು ಮನೆ ಕೆಡಿಸಿದೆಯೋ ದೇವರಿಗೇ ಗೊತ್ತು. ಚಿಕ್ಕಮ್ಮನಿಗೆ ಆಮೇಲೆ ನಿದ್ದೆ ಬರಲಿಲ್ಲ. ಮಾರನೇ ದಿನ ಅಮ್ಮನನ್ನು ಕೇಳಿದಳು: "ಅಕ್ಕ, ಭಾವ ಏನೋ ಮಾಡಿಸ್ತಿದಾರಂತಲ್ಲ, ನಮ್ಮಿಂದ ಮುಚ್ಚಿಟ್ಟು?" ಅಮ್ಮನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಮುಖವೆಲ್ಲ ಕೆಂಪಾಗಿ, "ಅವ್ರು ಹೇಳ್ಬೇಡ ಅಂದಿದಾರೆ ಕಣೆ, ಸ್ವಲ್ಪ ದಿನ ತಡ್ಕೋ" ಅಂದಳು. ಇನ್ನೇನು ಬೇಕು? ಚಿಕ್ಕಮ್ಮ ಚಿಕ್ಕಪ್ಪನಿಗೆ ಹೇಳಿದಳು. ಚಿಕ್ಕಪ್ಪ ಮಾತು ಕಡಿಮೆ ಮಾಡಿದ. ಹಿತ್ತಲಲ್ಲಿ ಎಲ್ಲರೂ ಸೇರಿ ಉಣ್ಣುತ್ತಿದ್ದವರು ಹೊತ್ತು ತಪ್ಪಿಸಿ ಬರತೊಡಗಿದರು. ರಮ್ಯಳನ್ನು ಅವಳಮ್ಮ ಒಳಗೆ ಕರೆದು ಉಣ್ಣಿಸಿದಳು. ಮೊದಲೆಲ್ಲ ಅದೇ ಕೈ ಅವಳಿಗೊಂದು ತುತ್ತು, ನನಗೊಂದು ತುತ್ತು ಕೊಡುತ್ತಿತ್ತು. ನಾನು ಹೊಸ್ತಿಲಲ್ಲಿ ನಿಂತಿದ್ದೆ, ನನ್ನನ್ನು ಯಾರೂ ಕರೆಯಲಿಲ್ಲ. ಅವತ್ತು ನನಗೆ ಆದ ನೋವು ಈಗಲೂ ಹಾಗೇ ಇದೆ.

ಕೆಲಸ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಬಾಗಿಲಿಗೆ ಟೆಂಪೋ ಬಂದು ನಿಂತಿತು. ಒಳಗೆ ಪ್ಲಾಸ್ಟಿಕ್ ಸುತ್ತಿದ ಆಳೆತ್ತರದ ಹಲಗೆಯಂಥದ್ದು. ನವೀನ್ ಇಳಿದು ಗಟ್ಟಿಯಾಗಿ ಕೂಗಿದ: "ಸಾರ್, ಪಾರ್ಟಿಷನ್ ಬಂತು!"

ಅಜ್ಜಿ ಸೀದಾ ಹೋಗಿ ಹೊಸ್ತಿಲ ಮೇಲೆ ಕೂತಳು.

"ಅಜ್ಜಿ, ಸ್ವಲ್ಪ ಪಕ್ಕಕ್ಕೆ ಬನ್ನಿ. ಪಾರ್ಟಿಷನ್ ಒಳಗೆ ತಗೊಂಡ್ ಹೋಗ್ಬೇಕು."

"ಗೊತ್ತೈತೆ ಕಣಪ್ಪ. ಅದಕ್ಕೇ ಕೂತಿರೋದು. ನಾನು ಸತ್ತ ಮೇಲೆ ಬೇಕಾದ್ರೆ ತಗಂಡು ಬಾ."

ಅಪ್ಪ ಓಡಿ ಬಂದ. "ಅಮ್ಮ, ಏನಿದು? ಬೀದಿ ಜನ ನೋಡ್ತಿದಾರೆ."

"ನೋಡ್ಲಿ. ಒಡಹುಟ್ಟಿದೋನಿಗೆ ತಿಳಿಸ್ದೆ ಮನೆ ಭಾಗ ಮಾಡೋದನ್ನ ನಾಕು ಜನ ನೋಡ್ಲಿ."

ಅಷ್ಟರಲ್ಲಿ ಒಳಗಿನಿಂದ ಚಿಕ್ಕಪ್ಪ ಬಂದ. ಇಷ್ಟು ದಿನ ಹೊಟ್ಟೆಯಲ್ಲಿ ಇಟ್ಟುಕೊಂಡದ್ದೆಲ್ಲ ಒಟ್ಟಿಗೆ ಹೊರಗೆ ಬಂತು. "ನಾನೇನ್ ದಡ್ಡ ಅನ್ಕೊಂಡಿದ್ಯಾ ಅಣ್ಣ? ನಾನೂ ಲಾಯರ್ನ ಕೇಳ್ಕೊಂಡು ಬಂದಿದೀನಿ. ನನ್ನ ಸೈನ್ ಇಲ್ದೆ ಇಲ್ಲಿ ಒಂದಿಟ್ಟಿಗೆ ಇಡಕ್ಕಾಗಲ್ಲ!"

ನವೀನ್ ಒಬ್ಬನೇ ಗಾಬರಿಯಾಗಿ ಎಲ್ಲರ ಮುಖ ನೋಡುತ್ತಿದ್ದ. "ಸಾರ್, ಇಟ್ಟಿಗೆ ಎಲ್ಲಿಂದ ಬಂತು? ಇದು ಮರದ್ದು" ಅಂತ ಹೇಳಿ ಟೆಂಪೋ ಹತ್ತಿ, ಚಾಕುವಿನಿಂದ ಪ್ಲಾಸ್ಟಿಕ್ ಸೀಳಿದ.

ಹಾಲಿಗೂ ಊಟದ ಜಾಗಕ್ಕೂ ನಡುವೆ ನಿಲ್ಲಿಸುವ ಮರದ ಜಾಲರಿ ಅದು. ಆ ಕಡೆಯಿಂದ ಈ ಕಡೆಯವರು ಕಾಣುವಷ್ಟು ಕಿಂಡಿಗಳು. ನಡುವೆ, ಪಾಲಿಶ್ ಹೊಡೆದು ಮಿರಮಿರ ಹೊಳೆಯುವ ತಾತನ ಗಾಡಿಯ ಚಕ್ರ. ಅಜ್ಜಿಗೆ ಮೊದಲು ಗುರುತು ಸಿಗಲಿಲ್ಲ. ಆಮೇಲೆ ಎದ್ದು ಹೋಗಿ ಚಕ್ರದ ಒಂದು ಕಡೆ, ಮೊದಲಿನಿಂದಲೂ ಸೀಳು ಬಿಟ್ಟಿದ್ದ ಜಾಗದಲ್ಲಿ, ಕೈಯಾಡಿಸಿದಳು.

"ಅಮ್ಮಂಗೆ ಸರ್‌ಪ್ರೈಸ್ ಕೊಡಣ ಅಂತ..." ಅಂದ ಅಪ್ಪ, ಸಣ್ಣ ದನಿಯಲ್ಲಿ.

ಮೊದಲು ನಕ್ಕವಳು ಅಮ್ಮ. ಆಮೇಲೆ ಚಿಕ್ಕಮ್ಮ ಬಾಯಿಗೆ ಸೆರಗಿಟ್ಟುಕೊಂಡಳು. ಅಜ್ಜಿ "ಹಾಳಾದೋನೆ, ಬಾಯಿಬಿಟ್ಟು ಹೇಳಕ್ಕೇನಾಗಿತ್ತು ನಿಂಗೆ?" ಅಂತ ಅಪ್ಪನ ಬೆನ್ನಿಗೆ ಗುದ್ದಿದಳು. ಎದುರು ಮನೆಯವರು ನಕ್ಕರು, ನವೀನ್ ನಕ್ಕ, ನಾನು ಮತ್ತು ರಮ್ಯ ಕುಣಿದೆವು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಕತೆಯಾಯಿತಲ್ಲ ಅಂತ ಇಡೀ ಬೀದಿಗೆ ಬೀದಿಯೇ ನಗುತ್ತಿತ್ತು. ಅಪ್ಪ ಮಾತ್ರ ನಗಲಿಲ್ಲ.

"ಲಾಯರ್ ಹತ್ರ ಹೋಗಿದ್ಯಾ?" ಅಂತ ತಮ್ಮನನ್ನು ಕೇಳಿದ.

ಚಿಕ್ಕಪ್ಪ ನೆಲ ನೋಡಿದ. "ನೀನು ಹೇಳಿದ್ರೆ ಹೋಗ್ತಿರ್ಲಿಲ್ಲ."

"ನೀನು ಕೇಳಿದ್ರೆ ಹೇಳ್ತಿದ್ದೆ."

ಅಷ್ಟೇ. ಜಗಳವೂ ಆಗಲಿಲ್ಲ. ಆಗಿದ್ದರೆ ಎರಡು ದಿನದಲ್ಲಿ ಸರಿಹೋಗುತ್ತಿತ್ತೇನೋ. ಜಾಲರಿಯನ್ನು ಒಳಗೆ ತಂದು ನಿಲ್ಲಿಸಿದರು, ಮನೆ ನೋಡಲು ಜನ ಬಂದರು, ಫೋಟೋ ತೆಗೆದುಕೊಂಡು ಹೋದರು. ಸದ್ದೇ ಬಾರದ ಡ್ರಾಯರುಗಳಲ್ಲಿ ಯಾವುದು ಯಾರದ್ದು ಅನ್ನುವುದು ನಿಧಾನವಾಗಿ ಗೊತ್ತಾಯಿತು. ಅಪ್ಪ ಯಾವುದಾದರೂ ಫೋನಿಗೆ ಹೊರಗೆ ಹೋದರೆ ಚಿಕ್ಕಪ್ಪ ಕಿವಿ ನಿಮಿರಿಸುತ್ತಿದ್ದ. ಚಿಕ್ಕಪ್ಪ ಸ್ನಾನ ಮಾಡಿ ಒಳ್ಳೆ ಶರ್ಟ್ ಹಾಕಿಕೊಂಡರೆ "ಎಲ್ಲಿಗಂತೆ?" ಅಂತ ಅಪ್ಪ ಅಮ್ಮನನ್ನು ಕೇಳುತ್ತಿದ್ದ. ಇಲ್ಲದ ಭಾಗದ ಬಗ್ಗೆ ಒಂದು ಸಲ ಅನುಮಾನ ಬಂತು ನೋಡಿ, ಇರುವ ಭಾಗ ತಾನಾಗಿ ಬಂತು.

ಮಾರನೇ ವರ್ಷ ಇಬ್ಬರೂ ಹೋಗಿ ಭಾಗಪತ್ರ ರಿಜಿಸ್ಟರ್ ಮಾಡಿಸಿಕೊಂಡು ಬಂದರು. ಜಾಲರಿ ಎತ್ತಿ ಅಟ್ಟಕ್ಕೆ ಹಾಕಿ, ಹಾಲಿನ ನಡುವೆ ಇಟ್ಟಿಗೆಯ ಗೋಡೆ ಕಟ್ಟಿದರು. ಎರಡು ಬಾಗಿಲು, ಎರಡು ಒಲೆ. ಹಾಲಿನ ಮುಂಭಾಗದಲ್ಲಿ ಮೊದಲು ಪಡಸಾಲೆಯಾಗಿದ್ದ ಜಾಗವನ್ನು ಮಾತ್ರ ಕತ್ತರಿಸಲು ಆಗಲಿಲ್ಲ, ಎರಡೂ ಮನೆಗೆ ಅದರ ಮೂಲಕವೇ ಹೋಗಬೇಕಿತ್ತು. ಅದು ಇಬ್ಬರಿಗೂ ಸೇರಿದ ಓಡಾಡುವ ಜಾಗ ಅಂತ ಪತ್ರದಲ್ಲಿ ಬರೆಸಿದರು.

ಅಜ್ಜಿ ಯಾರ ಕಡೆ ಇರಬೇಕು ಅನ್ನುವ ಮಾತು ಬಂದಾಗ ಅವಳೇ ಬಾಯಿಬಿಟ್ಟಳು. "ಆ ಓಡಾಡೋ ಜಾಗ ಯಾರದ್ದು?"

"ಯಾರದ್ದೂ ಅಲ್ಲಮ್ಮ, ಇಬ್ರದ್ದೂ."

"ಹಂಗಾದ್ರೆ ನನ್ನ ಮಂಚ ಅಲ್ಲಿ ಹಾಕ್ಸಿ."

ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ಉಳಿದಷ್ಟು ವರ್ಷ ಎರಡು ಕಂಬಗಳ ನಡುವೆ, ಹೋಗಿಬರುವವರ ಚಪ್ಪಲಿ ಸದ್ದಿನಲ್ಲಿ ಮಲಗಿ ಎದ್ದಳು. ನಮ್ಮ ಕಡೆಯಿಂದ ಮುದ್ದೆ ಬಂದರೆ "ಸಾರು ಆ ಕಡೆಯಿಂದ ಬರ್ಲಿ" ಅಂತ ತಟ್ಟೆ ಮುಂದಿಟ್ಟುಕೊಂಡು ಕಾಯುತ್ತಿದ್ದಳು. ಎರಡೂ ಬಂದ ಮೇಲೆ ಉಣ್ಣುತ್ತಿದ್ದಳು. ತಡವಾದರೆ ಎರಡೂ ಬಾಗಿಲಿಗೆ ಕೇಳುವಂತೆ ಬೈಯುತ್ತಿದ್ದಳು. ಅವಳ ತಟ್ಟೆಗೆ ಬಡಿಸುವಾಗ ಅಮ್ಮನೂ ಚಿಕ್ಕಮ್ಮನೂ ಒಂದೆರಡು ಮಾತಾಡಲೇಬೇಕಾಗುತ್ತಿತ್ತು. ಅವಳು ಹೋದ ಮೇಲೆ ಅದೂ ನಿಂತಿತು.

ಈಗ ಜಗಳವೇನೂ ಇಲ್ಲ. ಹಬ್ಬಕ್ಕೆ ಮೊಬೈಲಿನಲ್ಲಿ ಶುಭಾಶಯ ಕಳಿಸಿಕೊಳ್ಳುತ್ತೇವೆ, ರಮ್ಯ ಕಳಿಸುವ ಮಗುವಿನ ಫೋಟೋ ಕೆಳಗೆ ನಾನು ಹೂವಿನ ಇಮೋಜಿ ಹಾಕುತ್ತೇನೆ. ಒಬ್ಬರ ಮೇಲೆ ಒಬ್ಬರಿಗೆ ಅನುಮಾನವೂ ಇಲ್ಲ. ಅನುಮಾನ ಪಡಬೇಕಾದರೂ ಮನಸ್ಸಿನಲ್ಲಿ ಒಂದಿಷ್ಟು ಜಾಗ ಬೇಕಲ್ಲ. ನಾನು ಕುಮಾರಸ್ವಾಮಿ ಲೇಔಟಿನಿಂದ ಯಾವಾಗಲಾದರೂ ಅಮ್ಮನನ್ನು ನೋಡಲು ಹೋದಾಗ, ಪಡಸಾಲೆ ದಾಟಿ, ಹಣ್ಣಿನ ಕವರ್ ಹಿಡಿದು ಆ ಕಡೆಯ ಬಾಗಿಲ ಮುಂದೆ ನಿಂತು ಬೆಲ್ ಒತ್ತುತ್ತೇನೆ. ಒಳಗೆ ಟೀವಿಯ ಸದ್ದು ಕಡಿಮೆಯಾಗುತ್ತದೆ. ಬಾಗಿಲ ಕಿಂಡಿಯ ಗಾಜಿನ ಹಿಂದೆ ಯಾರೋ ಬಂದು ನಿಂತದ್ದು ಗೊತ್ತಾಗುತ್ತದೆ. "ಯಾರು?" ಅಂತ ಕೇಳುತ್ತಾಳೆ ಚಿಕ್ಕಮ್ಮ. ನಾನು ನನ್ನ ಹೆಸರು ಹೇಳುತ್ತೇನೆ.