ಲ್ಯಾಪ್‌ಟಾಪಿನ ವಾಟ್ನಿ

ಆ ಮುಂಜಾನೆ ಮನೆಯಲ್ಲಿ ಅವಲಕ್ಕಿ ಮಾಡಿದ್ದರೆಂದು ನನ್ನ ನೆನಪು. ಉಪ್ಪಿಟ್ಟು ಎಂದು ಹೆಂಡತಿ ಹೇಳುತ್ತಾಳೆ. ಅವಳದೇ ಖರೆ ಇರಬಹುದು. ಆ ದಿನದ ಮಟ್ಟಿಗೆ ನನ್ನ ನೆನಪಿನ ಸಾಕ್ಷಿಯನ್ನು ಯಾರೂ ಒಪ್ಪುವುದಿಲ್ಲ, ನಾನೂ ಸೇರಿ.

ಬಮ್ಮಿಗಟ್ಟಿಯ ನಮ್ಮ ಮನೆಯಲ್ಲಿ ಇರುವುದು ಒಂದೇ ಲ್ಯಾಪ್‌ಟಾಪ್. ಅದರಲ್ಲಿ ಉಚಿತವಾಗಿ ಸಿಗುವ ಒಂದು ಆಪರೇಟಿಂಗ್ ಸಿಸ್ಟಮ್ ಇತ್ತು. ದೇಶದೇಶಗಳ ಹವ್ಯಾಸಿಗಳು ಸೇರಿ ಕಟ್ಟುವಂಥದ್ದು. ಅದರ ಮೆನುಗಳನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ಕಾಲೇಜಿನಲ್ಲಿ ಪಾಠ ಹೇಳಿ ಬಂದ ಮೇಲೆ ನಾನೂ ಕೈಹಾಕುತ್ತಿದ್ದೆ. ಮುಂದಿನ ಆವೃತ್ತಿ ಇನ್ನೂ ಬಿಡುಗಡೆಯಾಗಿರಲಿಲ್ಲ. ಪರೀಕ್ಷಿಸಿ ನೋಡುವವರಿಗೆಂದು ಮುಂಚಿತವಾಗಿ ಬಿಟ್ಟಿದ್ದರು. ಮುಖ್ಯ ಕೆಲಸಕ್ಕೆ ಬಳಸಬೇಡಿ ಎಂಬ ಎಚ್ಚರಿಕೆಯೂ ಇತ್ತು. ಆದರೆ ನಾನು ಬರೆದ ಕನ್ನಡ ಪರದೆಯ ಮೇಲೆ ಹೇಗೆ ಕಾಣುತ್ತದೆಂದು ನೋಡದೆ ನನಗೆ ನಿದ್ದೆ ಬರುವಂತಿರಲಿಲ್ಲ. ಹಳೆಯದನ್ನು ತೆಗೆಯದೆ ಅದರ ಪಕ್ಕದಲ್ಲೇ ಹೊಸದನ್ನು ಹಾಕುವುದೆಂದು ನಿರ್ಧರಿಸಿದೆ.

ಹಳೆಯದರಲ್ಲಿ ಹೆಂಡತಿಯ ಕಸೂತಿ ಮಾದರಿಗಳಿದ್ದವು. ಗೋಪುರ, ಆನೆ, ತುಳಸಿಕಟ್ಟೆಗಳನ್ನು ಅವಳು ಚೌಕಳಿ ಚೌಕಳಿಯಾಗಿ ಕಂಪ್ಯೂಟರಿನಲ್ಲಿ ಬರೆದಿಟ್ಟಿದ್ದಳು. ತಾನೇ ಹೊಸದಾಗಿ ಕಟ್ಟಿದ ಒಂದು ಟ್ರ್ಯಾಕ್ಟರೂ ಇತ್ತು. ದೊಡ್ಡ ಗಾಲಿ ದುಂಡಗೆ ಬರಲಿಲ್ಲವೆಂದು ಅದನ್ನು ಎಷ್ಟೋ ಸಲ ಅಳಿಸಿ ಬರೆದಿದ್ದಳು. ಮರುದಿನ ದುಮ್ಮವಾಡದ ಹೆಣ್ಣುಮಕ್ಕಳ ಗುಂಪು ಆ ಮಾದರಿಗಳನ್ನು ನೋಡಿಕೊಂಡು ಸೀರೆಗೆ ಸೂಜಿ ಹಾಕುವುದಿತ್ತು.

"ಹೊಸಾದು ಏನರ ಹಾಕ್ಕೋರಿ," ಎಂದಳು ಬಸ್ಸಿಗೆ ಹೊರಡುವಾಗ. ಗುಂಪಿನವರೊಂದಿಗೆ ದಾರ ಆರಿಸಲು ಹೊರಟಿದ್ದಳು. "ನನ್ನ ಟ್ರ್ಯಾಕ್ಟರಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ."

"ಎಲ್ಲಾ ಪೆನ್ ಡ್ರೈವಿಗೆ ಕಾಪಿ ಮಾಡೇನಿ," ಎಂದೆ. ಮಾಡಿದ್ದೂ ಹೌದು. ಹಿಂದಿನ ದಿನ ಮಾಡಿದ್ದು ನನಗೆ ಚಿತ್ರದಂತೆ ನೆನಪಿತ್ತು.

ಅವಳು ಹೋದ ಮೇಲೆ ಕಾಕಾ ಬಂದ. ನಮ್ಮಪ್ಪನ ತಮ್ಮ, ಸುತ್ತಿನ ಊರುಗಳಲ್ಲಿ ಅಣ್ಣತಮ್ಮಂದಿರ ಹೊಲಮನೆ ಪಾಲಾಗುವಾಗ, ಅಂದರೆ ವಾಟ್ನಿಯಾಗುವಾಗ, ಹಿರಿಯನಾಗಿ ಕೂಡ್ರುವವನು. ಪರದೆಯ ಮೇಲೆ ಉದ್ದನೆಯ ಪಟ್ಟಿಯೊಂದನ್ನು ನಾನು ತುಂಡು ಮಾಡುತ್ತಿರುವುದನ್ನು ನೋಡಿ ಕುರ್ಚಿ ಎಳೆದುಕೊಂಡ.

"ಏನ್ ಮಾಡಾಕತ್ತೀಲೇ ತಮ್ಮಾ?"

"ಇದರಾಗ ಇನ್ನೊಂದು ಸಿಸ್ಟಮ್ ಹಾಕಾಕತ್ತೀನಿ ಕಾಕಾ. ಹಳೇದಕ್ಕ ಅರ್ಧಾ ಜಾಗಾ, ಹೊಸಾದಕ್ಕ ಅರ್ಧಾ."

"ಅಂದ್ರ ವಾಟ್ನಿ ಅನ್ನು. ಮೊದ್ಲ ಆರಿಸಾವರು ಯಾರು?"

ಕಾಕಾನ ವಾಟ್ನಿಗಳಲ್ಲಿ ಒಂದು ಕಟ್ಟಳೆಯುಂಟು. ಪಾಲು ಮಾಡಿದವನು ಮೊದಲು ಆರಿಸುವಂತಿಲ್ಲ. ಅಣ್ಣ ಪಾಲು ಮಾಡಿದರೆ ತಮ್ಮ ಆರಿಸಬೇಕು. ಆಗ ಪಾಲು ತಂತಾನೇ ಸರಿಯಾಗುತ್ತದೆ.

"ಆರಿಸೂದೇನ ಐತಿ? ಹಳೇದು ಆಕೀದು, ಹೊಸಾದು ನಂದು."

"ನೀನ ಮಾಡಿ ನೀನ ಆರಿಸಿದಿ. ಇರ್ಲಿ," ಎಂದು ಕಾಕಾ ಪರದೆಯ ಎಡತುದಿಗೆ ಬೆರಳಿಟ್ಟ. "ಈ ಚೂರು ಯಾರದು?"

ಅಲ್ಲಿ ಸಣ್ಣದೊಂದು ತುಂಡಿತ್ತು. ಹಳೆಯದಕ್ಕೂ ಸೇರಿಲ್ಲ, ಹೊಸದಕ್ಕೂ ಸೇರಿಲ್ಲ. ಅದೇನೆಂದು ನಾನು ಎಲ್ಲೋ ಓದಿದ್ದೆ, ಏನು ಓದಿದ್ದೆನೆಂಬುದು ನೆನಪಾಗಲಿಲ್ಲ. ಕಾಕಾ ತನ್ನ ಅನುಭವ ಹೇಳಿದ. ಯಾರ ಹೆಸರಿಗೂ ಹಚ್ಚದೆ ಬಿಟ್ಟ ಬದುವಿನ ಚೂರಿಗಾಗಿಯೇ ಜನ ಕೊಡಲಿ ಎತ್ತುತ್ತಾರಂತೆ. "ವಾಟ್ನ್ಯಾಗ ಇಂಥಾ ತುಣುಕು ಉಳಸಬಾರ್ದು. ಯಾವದರ ಒಂದಕ್ಕ ಕೂಡಸಿಬಿಡು."

ಕೂಡಿಸುವ ಮೊದಲು ಅಳಿಸಬೇಕು. ಅಳಿಸಿದೆ. ಎಚ್ಚರಿಕೆ ಬಂತು, ಎಲ್ಲದಕ್ಕೂ ಎಚ್ಚರಿಕೆ ಬರುತ್ತದೆಂದು ಮುಂದೆ ಹೋದೆ. ಅಳವಡಿಕೆ ಕೊನೆಯವರೆಗೆ ಬಂದು ಅಲ್ಲಿಯೇ ನಿಂತಿತು. ಲ್ಯಾಪ್‌ಟಾಪನ್ನು ಬಂದ್ ಮಾಡಿ ಮತ್ತೆ ಹಚ್ಚಿದೆ. ಕಪ್ಪು ಪರದೆ. ಹೊಸದೂ ಇಲ್ಲ, ಹಳೆಯದೂ ಇಲ್ಲ.

ಫೋನಿನಲ್ಲಿ ಹುಡುಕಿದಾಗ ತಿಳಿಯಿತು: ಯಂತ್ರ ಎದ್ದ ಕೂಡಲೇ ಎರಡೂ ಸಿಸ್ಟಮ್‌ಗಳಿಗೆ ದಾರಿ ತೋರಿಸುವುದೇ ಆ ಚೂರಿನ ಕೆಲಸ. ಹೊಲಕ್ಕೆ ಹೋಗುವ ಬಂಡಿದಾರಿಯನ್ನೇ ನಾವು ಉತ್ತುಬಿಟ್ಟಿದ್ದೆವು.

ಇರಲಿ, ಪೆನ್ ಡ್ರೈವಿನಲ್ಲಿ ಕಾಪಿ ಇದೆಯಲ್ಲ ಎಂದುಕೊಂಡೆ. ಆಗ ಹಿಂದಿನ ದಿನದ ಉಳಿದ ಅರ್ಧ ನೆನಪಾಯಿತು. ಮಾದರಿಗಳನ್ನು ಅದಕ್ಕೆ ಹಾಕಿದ ಮೇಲೆ, ಅದೇ ಪೆನ್ ಡ್ರೈವಿಗೆ ಹೊಸ ಸಿಸ್ಟಮನ್ನು ಬರೆದಿದ್ದೆ. ಹಾಗೆ ಬರೆಯುವಾಗ ಅದರಲ್ಲಿದ್ದುದೆಲ್ಲ ಅಳಿದುಹೋಗುತ್ತದೆ. ಮನೆಯಲ್ಲಿ ಇದ್ದದ್ದೂ ಅದೊಂದೇ.

ಹೆಂಡತಿ ದಾರದ ಚೀಲ ಹಿಡಿದು ಒಳಗೆ ಬಂದಾಗ ನಾವಿಬ್ಬರೂ ಕಪ್ಪು ಪರದೆಯ ಮುಂದೆ ಕುಳಿತಿದ್ದೆವು.

"ಟ್ರ್ಯಾಕ್ಟರ್ ಎಲ್ಲೈತ್ರಿ?"

"ಹೊಲದಾಗ ಐತವಾ," ಎಂದ ಕಾಕಾ. "ದಾರಿ ಅಷ್ಟ ಮುಚ್ಚೇತಿ."

ನಾನು ನಡೆದದ್ದನ್ನು ಹೇಳಿದೆ. ಅವಳು ಚೀಲ ಕೆಳಗಿಟ್ಟಳು. "ಕಸೂತ್ಯಾಗ ಒಂದೂ ಗಂಟು ಹಾಕೂಹಂಗಿಲ್ಲ. ನೀವು ಕೈ ಹಚ್ಚಿದ್ದಕ್ಕೆಲ್ಲಾ ಗಂಟ ಹಾಕ್ತೀರಿ. ಮಾವಾರ, ನೀವರ ಬ್ಯಾಡ ಅನಬಾರ್ದೇನ್ರಿ?"

"ನಾ ದಾರಿ ಬಿಡು ಅಂತನ ಹೇಳಿದ್ನೆವಾ."

ಕಾಕಾ ಇದನ್ನು ಎಷ್ಟು ನಿರಾಳವಾಗಿ ಹೇಳಿದನೆಂದರೆ ನನ್ನ ನೆನಪಿನ ಮೇಲೆ ನನಗೇ ಸಂಶಯ ಬಂತು.

ಪೆನ್ ಡ್ರೈವಿನಲ್ಲಿದ್ದ ಸಿಸ್ಟಮನ್ನು ಯಂತ್ರಕ್ಕೆ ಹಾಕದೆಯೂ ಅಲ್ಲಿಂದಲೇ ನಡೆಸಬಹುದಿತ್ತು. ಹಾಗೆ ನಡೆಸಿ, ಹಳೆಯ ಪಾಲಿನ ಬಾಗಿಲು ತೆರೆದೆ. ಅವಳ ಫೋಲ್ಡರ್ ಇತ್ತು. ಆದರೂ ಅವಳು ನಂಬಲಿಲ್ಲ. ಕಸೂತಿಯನ್ನು ಬಟ್ಟೆ ತಿರುವಿ ಹಿಂಬದಿ ನೋಡಿಯೇ ಒಪ್ಪುವವಳು. ಒಂದೊಂದೇ ಮಾದರಿ ತೆರೆಸಿದಳು. ಗೋಪುರ ಬಂತು, ಆನೆ ಬಂತು, ತುಳಸಿಕಟ್ಟೆ ಬಂತು. ಟ್ರ್ಯಾಕ್ಟರ್ ಬಂದಾಗ ಗಾಲಿಯ ಚೌಕಳಿಗಳನ್ನು ಬೆರಳಿನಿಂದ ಎಣಿಸಿ, "ಹಾಂ, ನಂದ ಇದು," ಎಂದಳು. ಎಲ್ಲವನ್ನೂ ತನ್ನ ಫೋನಿಗೆ ತಾನೇ ಹಾಕಿಕೊಂಡಳು. ಆಮೇಲಷ್ಟೇ ಚಹಾಕ್ಕೆ ಇಟ್ಟಳು.

ಚಹಾ ಕುಡಿದು, ಎಡತುದಿಯಲ್ಲಿ ಮೊದಲಿನಷ್ಟೇ ಜಾಗ ಬಿಟ್ಟು ಮತ್ತೆ ದಾರಿ ಮಾಡಿ, ಹೊಸ ಸಿಸ್ಟಮನ್ನು ಮೊದಲಿನಿಂದ ಹಾಕಿದೆ. ದಾರಿ ಬದಲಾಗಿದೆಯೆಂದು ಹಳೆಯದಕ್ಕೂ ಒಂದು ಸಾಲು ತಿದ್ದಿ ತಿಳಿಸಬೇಕಾಯಿತು. ಲ್ಯಾಪ್‌ಟಾಪ್ ಹಚ್ಚಿದರೆ ಈ ಸಲ ಎರಡು ಹೆಸರು ಒಂದರ ಕೆಳಗೊಂದು ಬಂದು ನಿಂತವು. ಯಾವುದು ಬೇಕೆಂದು ಯಂತ್ರ ಕಾಯುತ್ತಿತ್ತು. ನಾನು ಕೈ ಚಾಚಿದೆ.

"ತಡಿ," ಎಂದ ಕಾಕಾ. "ವಾಟ್ನಿ ಮಾಡಿದಾಂವ ನೀನು. ಆರಿಸಾಕಿ ಆಕಿ."

"ಕಾಕಾ, ಆಕಿ ಸಾಮಾನೆಲ್ಲಾ ಹಳೇದರಾಗ ಐತಿ."

"ಸಾಮಾನು ನನ್ನ ಫೋನಿನ್ಯಾಗೂ ಅದಾವು," ಎಂದಳು ಹೆಂಡತಿ. ಕುರ್ಚಿಯಿಂದ ನನ್ನನ್ನು ಎಬ್ಬಿಸಿ, ಹೊಸದನ್ನು ಒತ್ತಿದಳು.

ಪರದೆಯ ತುಂಬ ಕನ್ನಡ ಬಂತು. ನಾನು ಅವಳ ಹೆಗಲ ಮೇಲಿನಿಂದ ಇಣುಕಿದೆ. ಅವಳು ಒಂದೊಂದೇ ಮೆನು ತೆರೆದು ಗಟ್ಟಿಯಾಗಿ ಓದಿದಳು.

"'ಪ್ರಕ್ರಿಯೆಯನ್ನು ರದ್ದುಗೊಳಿಸು.' ಇದನ್ನ ಬರದಾವರು ಯಾರ್ರಿ?"

"ಯಾಕ?"

"'ಬ್ಯಾಡ' ಅಂದ್ರ ಸಾಕಾಗೂದಿಲ್ಲೇನು?"

ಕಾಕಾ ನಕ್ಕು ನಕ್ಕು ಕೆಮ್ಮಿದ.

ಮರುದಿನ ಅವಳು ಲ್ಯಾಪ್‌ಟಾಪನ್ನು ದುಮ್ಮವಾಡಕ್ಕೇ ಒಯ್ದು, ಹೊಸ ಪಾಲಿನಲ್ಲೇ ಟ್ರ್ಯಾಕ್ಟರ್ ತೆರೆದು ತೋರಿಸಿದಳು. ಹೊಸ ಸಿಸ್ಟಮ್ ಎಲ್ಲಿ ತಡವರಿಸುತ್ತದೆ, ಯಾವ ಶಬ್ದ ಯಾರಿಗೂ ತಿಳಿಯುವುದಿಲ್ಲ ಎಂದು ಆ ಹವ್ಯಾಸಿಗಳಿಗೆ ವರದಿ ಕಳಿಸುವವಳೂ ಈಗ ಅವಳೇ. ದಾರಿ ಬಿಡು ಎಂದು ಮೊದಲೇ ಹೇಳಿದ್ದೆನೆಂದು ಕಾಕಾ ಊರಲ್ಲೆಲ್ಲ ಹೇಳುತ್ತಾನೆ, ನಾನು ವಾದಿಸುವುದನ್ನು ಬಿಟ್ಟಿದ್ದೇನೆ. ನನ್ನ ಪಾಲಿಗೆ ಬಂದದ್ದು ಹಳೆಯದು. ನಾನು ಬರೆದ ಕನ್ನಡ ಹೇಗೆ ಕಾಣುತ್ತದೆಂದು ನೋಡಬೇಕಾದರೆ ಅವಳನ್ನು ಕೇಳಿ ಕೂಡ್ರಬೇಕು.